ರಂಪಣಿಯಲ್ಲಿ ಮಾಮ್ಲೇದಾರನ ಪಾಲು

ಮೊನ್ನೆ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಅಂಕೋಲೆ ಬಸ್ಸಿಗೆ ಕಾಯುತ್ತಿದ್ದಾಗ ಧೋ ಎಂದು ಮಳೆ ಹೊಡೆಯಿತು. ಎಲ್ಲಿಂದಲೋ ಒಂದು ಬೀದಿನಾಯಿ ಓಡಿ ಬಂದು ನಮ್ಮೆಲ್ಲರ ನಡುವೆ ನಿಂತು ಮೈ ಕೊಡವಿತು. ಬಿಳಿ ಅಂಗಿಯವರೊಬ್ಬರು ಹಾರಿ ಹಿಂದೆ ಸರಿದು ಅದರ ಏಳು ತಲೆಮಾರನ್ನೂ ಬೈದರು. ಪಕ್ಕದಲ್ಲಿ ಕೂತಿದ್ದ ಒಣಮೀನು ಮಾರುವ ಹೆಂಗಸು ಬುಟ್ಟಿಗೆ ಸೆರಗು ಮುಚ್ಚಿದಳು. ನಾನು ಮಾತ್ರ ಮೂಗು ಅರಳಿಸಿಕೊಂಡು ನಿಂತೇ ಇದ್ದೆ. ಒದ್ದೆ ನಾಯಿಯ ವಾಸನೆಯೂ ಒಣಮೀನಿನ ವಾಸನೆಯೂ ಕೂಡಿದರೆ ಹೇಗಿರುತ್ತದೆ ಎಂದು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ, ಗೊತ್ತಿದ್ದವರು ಕೇಳುವುದಿಲ್ಲ. ನನಗಂತೂ ಅದು ಹಾರವಾಡದ ಒಂದು ಮಳೆಗಾಲದ ವಾಸನೆ. ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ. ಮುಂದಿನದಕ್ಕೆ ಹೋದರಾಯಿತು ಎಂದು ಅಲ್ಲೇ ಕೂತೆ.

ನಾನು ಹಣಕೋಣದವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಕೆಲವು ವರ್ಷಗಳ ಹಿಂದೆ ಹಾರವಾಡದ ಶಾಲೆಗೆ ಟೀಚರಾಗಿ ವರ್ಗವಾದಾಗ ಇದ್ದ ಸಿಟ್ಟನ್ನೆಲ್ಲ ಒಟ್ಟು ಮಾಡಿಕೊಂಡೇ ಹೋಗಿದ್ದೆ. ಕಡಲಿಗೆ ಮುಖ ಮಾಡಿದ ಮನೆಯ ಅರ್ಧ ಭಾಗವನ್ನು ತುಳಸಕ್ಕ ನನಗೆ ಬಾಡಿಗೆಗೆ ಕೊಟ್ಟರು. ತುಳಸಕ್ಕ ಗಂಡನನ್ನು ಕಳೆದುಕೊಂಡು ಬಹಳ ವರ್ಷವಾದ ಹೆಂಗಸು, ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಅವರ ಮಗ ಗಣಪತಿ ಊರಿನ ರಂಪಣಿಗೆ ತಾಂಡೇಲ. ದೋಣಿಯಲ್ಲಿ ದೊಡ್ಡ ಬಲೆಯನ್ನು ಒಯ್ದು ಕಡಲಲ್ಲಿ ಸುತ್ತ ಬಿಟ್ಟು, ಅದರ ಎರಡೂ ತುದಿಯ ಹಗ್ಗಗಳನ್ನು ದಂಡೆಯ ಮೇಲೆ ನಿಂತು ಊರಿಗೆ ಊರೇ ಎಳೆಯುವುದಕ್ಕೆ ರಂಪಣಿ ಎನ್ನುತ್ತಾರೆ. ಎಲ್ಲಿ ಬಲೆ ಬಿಡಬೇಕು, ಯಾವಾಗ ಎಳೆಯಬೇಕು, ಬಿದ್ದ ಮೀನನ್ನು ಹೇಗೆ ಹಂಚಬೇಕು ಎಂದು ಹೇಳುವವನು ತಾಂಡೇಲ. ಗಣಪತಿಯ ಮಾತಿಗೆ ದಂಡೆಯ ಮೇಲೆ ಯಾರೂ ಎದುರಾಡುತ್ತಿರಲಿಲ್ಲ. ಮನೆಯೊಳಗೆ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ಶಾಲೆ ಶುರುವಾಗಿ ಮಳೆ ಹಿಡಿದಿತ್ತು. ದೋಣಿಗಳು ಮೇಲೆ ಬಂದು ತೆಂಗಿನ ಗರಿ ಹೊದ್ದು ಮಲಗಿದ್ದವು. ಒಂದು ಬೆಳಿಗ್ಗೆ ರೈಲ್ವೆ ಸ್ಟೇಷನ್ ಕಡೆಯಿಂದ ಬಂದ ಹೆಂಗಸರು, ಹಳಿಯ ಪಕ್ಕ ಕರಡಿ ಮಲಗಿದೆ ಎಂದು ಸುದ್ದಿ ತಂದರು. ಇನ್ನೊಬ್ಬರು ಕರಡಿಯಲ್ಲ, ಯಾರದೋ ಕರು ಎಂದರು. ನಾನು ಕೊಡೆ ಹಿಡಿದು ಹೋಗಿ ನೋಡಿದರೆ ನಾಯಿ. ಆದರೆ ನಾಯಿ ಎನ್ನಲು ಬಾಯಿ ಬಾರದಷ್ಟು ದೊಡ್ಡದು. ಬಿಳಿ ಕಂದು ಬಣ್ಣದ ಉದ್ದ ಕೂದಲು ಕೆಸರಿನಲ್ಲಿ ಜಡೆಗಟ್ಟಿತ್ತು, ಕುತ್ತಿಗೆಯಲ್ಲಿ ಒಳ್ಳೆಯ ಚರ್ಮದ ಪಟ್ಟಿ ಇತ್ತು, ಮುಂದಿನ ಒಂದು ಪಾದದಲ್ಲಿ ಗಾಯವಿತ್ತು. ಅಷ್ಟು ದೊಡ್ಡ ತಲೆಯನ್ನು ನೆಲಕ್ಕಿಟ್ಟು ಹೆದ್ದಾರಿಯ ಕಡೆಗೇ ನೋಡುತ್ತಿತ್ತು. ಯಾವ ಕಾರಿನಿಂದ ಇಳಿಸಿದ್ದರೋ, ಆ ಕಾರು ಹಿಂತಿರುಗಿ ಬರುತ್ತದೆ ಎಂದು ಕಾಯುತ್ತಿತ್ತು. ಆ ಕಾರಿನವರ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು.

ಯಾರು ಕರೆದರೂ ಅದು ಏಳಲಿಲ್ಲ. ಕಡೆಗೆ ತುಳಸಕ್ಕ ಅಲ್ಯೂಮಿನಿಯಂ ಪಾತ್ರೆಯಲ್ಲಿ ಗಂಜಿ ತಂದು, ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತರು.

"ಯಾರ ದಾರಿ ನೋಡ್ತೆ ಮಗಾ? ಬಿಟ್ಟಿಕ್ಕೆ ಹೋದವ್ರು ಬತ್ತ್ರಿಲ್ಲ. ಉಣ್ಣು."

ಅದು ಉಂಡಿತು. ಉಂಡು, ಎದ್ದು, ಕುಂಟುತ್ತ ಅವರ ಹಿಂದೆಯೇ ಬಂದು ನಮ್ಮ ಮನೆಯ ಪಕ್ಕದ ಬಲೆಯ ಚಪ್ಪರದಲ್ಲಿ, ಹಳೇ ಬಲೆಗಳ ರಾಶಿಯ ಮೇಲೆ ಮಲಗಿತು. ಕೆಲವೇ ದಿನಗಳಲ್ಲಿ ಊರಿನವರು ಅದಕ್ಕೆ ಮಾಮ್ಲೇದಾರ ಎಂದು ಹೆಸರಿಟ್ಟರು. ತಹಶೀಲ್ದಾರರನ್ನು ನಮ್ಮ ಕಡೆಯ ಹಳಬರು ಈಗಲೂ ಹಾಗೆಯೇ ಕರೆಯುತ್ತಾರೆ. ಅವನು ನಿಧಾನಕ್ಕೆ ನಡೆದು ಬಂದು ದಾರಿಯ ನಟ್ಟ ನಡುವೆ ಕೂರುತ್ತಿದ್ದ, ಉಳಿದವರೇ ಸುತ್ತಿಕೊಂಡು ಹೋಗಬೇಕಿತ್ತು. ಹೆಸರು ಬಂದ ಮೇಲೆ ಅದು ಎನ್ನುವುದು ಹೋಗಿ ಅವನು ಎನ್ನುವುದು ರೂಢಿಯಾಯಿತು.

ನಾನು ನನ್ನ ಗೆಳತಿ ಶೈಲಾಗೆ ಫೋನು ಮಾಡಿದೆ. ಕಾರವಾರದಲ್ಲಿ ತನ್ನ ಮನೆಯ ಹಿತ್ತಿಲಿಗೆ ಬೇಲಿ ಹಾಕಿಸಿ, ಜನ ಬಿಟ್ಟುಹೋದ ದೊಡ್ಡ ಜಾತಿಯ ನಾಯಿಗಳನ್ನು ತಂದು ಸುಧಾರಿಸಿ ಒಳ್ಳೆಯ ಮನೆ ಹುಡುಕಿ ಕೊಡುವುದು ಅವಳ ಹುಚ್ಚು. ಸ್ಕೂಟಿಯ ಮೇಲೆ ಮಳೆಯಲ್ಲಿ ನೆನೆಯುತ್ತಲೇ ಬಂದಳು. ಬಂದವಳು ನನ್ನನ್ನು ಮಾತಾಡಿಸುವ ಮೊದಲು ಅವನ ಬಾಯಿ ತೆರೆದು ಹಲ್ಲು ನೋಡಿದಳು, ಕಿವಿ ಮಡಚಿ ನೋಡಿದಳು, ಪಾದದ ಗಾಯ ತೊಳೆದು ಪಟ್ಟಿ ಕಟ್ಟಿದಳು.

"ಸೇಂಟ್ ಬರ್ನಾರ್ಡ್ ಮಾರಾಯ್ತಿ. ಹಿಮದ ದೇಶದ್ದು. ಮರಿ ಇದ್ದಾಗ ಫೋಟೋ ತೆಗೀಲಿಕ್ಕೆ ಚಂದ ಅಂತ ತರ್ತಾರೆ, ದೊಡ್ಡದಾಗಿ ಸೋಫಾ ತುಂಬ ಮಲಗಿದ ಕೂಡ್ಲೇ ಬೇಡ ಆಗ್ತದೆ."

"ನಿನ್ನಲ್ಲಿ ಇಟ್ಕೊಳ್ತೀಯಾ?"

"ಎಲ್ಲಿ ಇಡ್ಲಿ? ಒಂದು ಗ್ರೇಟ್ ಡೇನ್, ಎರಡು ರಾಟ್‌ವೀಲರ್ ಇವೆ. ನಾನೇ ಈಗ ಜಗಲಿ ಮೇಲೆ ಮಲಗ್ತೆ. ಮಳೆಗಾಲ ಇಲ್ಲೇ ಇರ್ಲಿ, ನಾನು ಮನೆ ಹುಡುಕ್ತೆ. ಆದ್ರೆ ಒಂದು ಮಾತು ನೆನಪಿಟ್ಕೋ. ಮಳೆ ಹೋಗಿ ಬಿಸಿಲು ಬಿದ್ರೆ ಈ ಕಡಲ ದಂಡೇಲಿ ಇವ ಉಳಿಯೂದಿಲ್ಲ. ಅಷ್ಟರೊಳಗೆ ತಂಪಿನ ಊರಿಗೆ ಹೋಗ್ಲೇಬೇಕು."

ಈ ಮಾತನ್ನು ನಾನು ತುಳಸಕ್ಕನಿಗೂ ಗಣಪತಿಗೂ ಬಿಡಿಸಿ ಹೇಳಿದೆ. ಇಬ್ಬರೂ ಹೂಂ ಎಂದರು. ಮಳೆಯಲ್ಲಿ ಕೂತು ಬಿಸಿಲಿನ ಬಗ್ಗೆ ಹೇಳಿದರೆ ಯಾರಿಗೆ ನಾಟುತ್ತದೆ?

ಮೊದಲ ಗಂಡಾಂತರ ಬಿಸಿಲಿನಿಂದ ಬರಲಿಲ್ಲ, ಪ್ರೀತಿಯಿಂದ ಬಂತು. ಮಳೆಗಾಲದಲ್ಲಿ ಅಲ್ಲಿ ಹಸಿ ಮೀನು ಕಡಿಮೆ. ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿದ ಬಂಗಡೆ, ಸಿಗಡಿಗಳೇ ಆ ದಿನಗಳ ಸಾರಿನ ಆಧಾರ. ಮನೆಗೆ ನೆಂಟರು ಬಂದರೆ ಡಬ್ಬಿಯ ತಳದಿಂದ ಒಳ್ಳೆಯ ಬಂಗಡೆ ಹೊರಗೆ ಬರುತ್ತದೆ. ಮಾಮ್ಲೇದಾರ ಊರಿಗೆ ಬಂದ ನೆಂಟ. ಪ್ರತಿ ಮನೆಯವರೂ, ಉಳಿದವರು ಇವನಿಗೆ ಬರೀ ಗಂಜಿ ಹಾಕುತ್ತಾರೆ, ಪಾಪ, ಎಂದುಕೊಂಡು ಗುಟ್ಟಾಗಿ ಒಂದು ಒಣ ಬಂಗಡೆ ಕೊಟ್ಟರು. ಅವನಿಗೋ ಬೇಡ ಎನ್ನುವ ಸ್ವಭಾವವೇ ಇಲ್ಲ. ಅವನು ಮನೆಮನೆಯ ಕೊಡದಲ್ಲಿ ಬಾಯಿ ಹಾಕಿ ನೀರು ಕುಡಿಯತೊಡಗಿದಾಗ, ಎಷ್ಟು ದೊಡ್ಡ ನಾಯಿಯೋ ಅಷ್ಟು ದೊಡ್ಡ ಬಾಯಾರಿಕೆ ಎಂದು ನಕ್ಕರು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಅವನು ಅಂಗಳದಲ್ಲಿ ಕುಡಿದವನ ಹಾಗೆ ತೂರಾಡುತ್ತಿದ್ದ. ವಾಂತಿ ಮಾಡಿ, ಕಾಲು ಮಡಚಿ ಕುಸಿದುಬಿದ್ದ.

ಅಂಕೋಲೆಯಿಂದ ದನದ ಡಾಕ್ಟರು ಬಂದರು. ಚಪ್ಪರದ ಸುತ್ತ ಊರು ನೆರೆದಿತ್ತು.

"ಏನು ತಿನ್ಲಿಕ್ಕೆ ಹಾಕಿದ್ರಿ?"

ತುಳಸಕ್ಕ ಮೆಲ್ಲಗೆ, "ನಾ ದಿನಾ ಒಂದೇ ಒಂದ್ ಒಣ ಬಂಗಡೆ ಹಾಕ್ತಿದ್ದೆ ಡಾಕ್ಟ್ರೆ, ಗಂಜಿ ಜೊತಿಗೆ" ಎಂದರು. ಹಿಂದಿನಿಂದ ಇನ್ನೊಬ್ಬಳು, "ನಾನೂ ಒಂದೇಯಾ" ಎಂದಳು. ಆಮೇಲೆ ಕೋಳಿ ಕೂಗಿದ ಹಾಗೆ ಒಬ್ಬರಾದ ಮೇಲೆ ಒಬ್ಬರು, ನಾನೂ ಒಂದು, ನಾನೂ ಒಂದು. ಕಡೆಗೆ ಗಣಪತಿ ತಲೆ ಕೆರೆದುಕೊಂಡು, "ನಾ ಸಿಗಡಿನೂ ಹಾಕ್ದೆ" ಎಂದ. ಡಾಕ್ಟರು ಎಲ್ಲರ ಮುಖವನ್ನೂ ಒಮ್ಮೆ ನೋಡಿದರು.

"ಇವ್ನ ಹೊಟ್ಟೆ ಒಳಗೆ ಒಂದು ಉಪ್ಪಿನಾಗರ ಇದೆ."

ಸೂಜಿ ಚುಚ್ಚಿ ಬಾಟಲಿ ಹಾಕಿದರು. ನೀರು ಕೊಡಬೇಕು, ಆದರೆ ಒಮ್ಮೆಗೇ ಅಲ್ಲ, ಸ್ವಲ್ಪ ಸ್ವಲ್ಪವೇ, ಬಿಡದೆ ಕೊಡುತ್ತಿರಬೇಕು ಎಂದು ಹೇಳಿ ಹೋದರು. ಹೆಂಗಸರು ಸರದಿ ಹಾಕಿಕೊಂಡರು. ಬಲೆ ನೇಯುವ ಕೆಲಸವನ್ನು ಚಪ್ಪರಕ್ಕೇ ತಂದು, ಒಬ್ಬಳು ಗಂಟು ಹಾಕುವಾಗ ಇನ್ನೊಬ್ಬಳು ಬಟ್ಟಲು ಹಿಡಿದಳು. ಎರಡು ದಿನ ಅವನು ಕಣ್ಣೆತ್ತಿ ನೋಡಲಿಲ್ಲ. ತುಳಸಕ್ಕ ಪೇಟೆಗೆ ಹೋಗುವುದನ್ನೇ ಬಿಟ್ಟು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮೂರನೆಯ ದಿನ ಅವನು ಎದ್ದು ದಾರಿಯ ನಡುವೆ ಹೋಗಿ ಕೂತಾಗ ಇಡೀ ಕೇರಿ ಅವನನ್ನು ಸುತ್ತಿಕೊಂಡು ಹೋಯಿತು, ಯಾರೂ ಎಬ್ಬಿಸಲಿಲ್ಲ. ನಾನು ಬಾಗಿಲಲ್ಲಿ ನಿಂತು ಅತ್ತೆ. ವರ್ಗವಾದ ಸಿಟ್ಟು ಅಂದೇ ಎಲ್ಲೋ ಬಿದ್ದುಹೋಗಿರಬೇಕು, ಆಮೇಲೆ ಅದು ಸಿಗಲಿಲ್ಲ.

ಶೈಲಾ ಇತ್ತ ಮನೆ ಹುಡುಕುತ್ತಿದ್ದಳು. ಅವನ ಫೋಟೋ ವಾಟ್ಸಾಪಿನಲ್ಲಿ ಊರೂರು ತಿರುಗಿತು. ಒಬ್ಬರು ಬಂದು, ಇವನಿಗೆ ಜೋಡಿ ತಂದು ಮರಿ ಮಾಡಿಸುತ್ತೇನೆ ಎಂದರು. ಇನ್ನೊಬ್ಬರಿಗೆ ರೆಸಾರ್ಟಿನ ಗೇಟಿನಲ್ಲಿ ಕಟ್ಟಿಹಾಕಲು ಬೇಕಿತ್ತು, ಪ್ರವಾಸಿಗರು ಸೆಲ್ಫಿ ತೆಗೆದುಕೊಳ್ಳುತ್ತಾರಂತೆ. ಶೈಲಾ ಬಂದವರಿಗೆಲ್ಲ ಎರಡೇ ಪ್ರಶ್ನೆ ಕೇಳುತ್ತಿದ್ದಳು. ಇವನು ಎಲ್ಲಿ ಮಲಗುತ್ತಾನೆ? ನೀವು ಮದುವೆಗೆ ಪರವೂರಿಗೆ ಹೋದರೆ ಇವನ ಹತ್ತಿರ ಯಾರಿರುತ್ತಾರೆ? ಎರಡನೆಯ ಪ್ರಶ್ನೆಗೆ ಹೆಚ್ಚಿನವರು ತಡವರಿಸಿದರು. ತಡವರಿಸದೆ ಉತ್ತರ ಕೊಟ್ಟವರು ಬೆಳಗಾವಿಯ ಹೊರವಲಯದಲ್ಲಿ ಹೂವಿನ ಗಿಡಗಳ ನರ್ಸರಿ ಇಟ್ಟುಕೊಂಡಿದ್ದ ಅನಸೂಯಾ ಎಂಬವರು ಮತ್ತು ಅವರ ಗಂಡ. ಇದೇ ಜಾತಿಯ ನಾಯಿಯನ್ನು ಮುದಿಯಾಗುವವರೆಗೂ ಸಾಕಿ ಮಣ್ಣು ಮಾಡಿದವರು. ನಾವು ಒಟ್ಟಿಗೆ ಮದುವೆಗೆ ಹೋಗದೆ ಹತ್ತು ವರ್ಷವಾಯ್ತು, ಒಬ್ಬರು ಹೋದರೆ ಒಬ್ಬರು ಮನೆಯಲ್ಲಿ, ಎಂದರು. ಚೌತಿ ಕಳೆದ ಮೇಲೆ ಬಂದು ಕರೆದುಕೊಂಡು ಹೋಗುವುದೆಂದು ಮಾತಾಯಿತು. ಎಲ್ಲ ಸಲೀಸಾಗಿ ಮುಗಿಯಿತು ಎಂದು ನಾನು ನಿಶ್ಚಿಂತೆಯಲ್ಲಿದ್ದೆ.

ಆದರೆ ನಡುವೆ ನಾರಳಿ ಹುಣ್ಣಿಮೆ ಬಂತು. ಕಡಲಿಗೆ ತೆಂಗಿನಕಾಯಿ ಬಿಟ್ಟು, ಕಡಲು ತಣ್ಣಗಾದ ಒಂದು ದಿನ ಗಣಪತಿ ರಂಪಣಿ ಬಲೆ ಬಿಟ್ಟ. ನಾನೂ ಸೆರಗು ಸಿಕ್ಕಿಸಿ ಹಗ್ಗಕ್ಕೆ ಕೈ ಹಚ್ಚಿದೆ. ರಂಪಣಿಯ ಕಟ್ಟಳೆ ಸರಳ. ಹಗ್ಗ ಹಿಡಿದು ಎಳೆದವರಿಗೆಲ್ಲ ಪಾಲು. ಊರಿನವರೋ ದಾರಿಹೋಕರೋ, ಗಂಡಸೋ ಹೆಂಗಸೋ ಎಂದು ನೋಡುವುದಿಲ್ಲ. ಬಲೆ ಭಾರವಾಗಿತ್ತು, ನಮ್ಮ ಹಿಮ್ಮಡಿ ಮರಳಲ್ಲಿ ಹೂತು ಹೋಗುತ್ತಿತ್ತು. ದೂರದಲ್ಲಿ ಕೂತು ನೋಡುತ್ತಿದ್ದ ಮಾಮ್ಲೇದಾರ ಎದ್ದು ಬಂದ. ಸಾಲಿನ ಕೊನೆಗೆ ಹೋಗಿ ಹಗ್ಗದ ತುದಿಯನ್ನು ಬಾಯಲ್ಲಿ ಕಚ್ಚಿ ಹಿಂದಕ್ಕೆ ಜಗ್ಗಿದ. ಆಟಕ್ಕೆ ಎಂದುಕೊಂಡರೆ ಆಟವಲ್ಲ. ನಾವು ಐಸಾ ಎಂದಾಗ ಜಗ್ಗುತ್ತಾನೆ, ನಿಂತಾಗ ನಿಲ್ಲುತ್ತಾನೆ. ನಗುತ್ತ ನಗುತ್ತ ನಮ್ಮ ಕೈಯ ಬಲವೇ ಹೋಯಿತು, ಅವನೊಬ್ಬನೇ ಗಂಭೀರವಾಗಿ ದುಡಿದ.

ಬಲೆ ದಂಡೆಗೆ ಬಂತು, ತಾರ್ಲೆ ಮೀನು ಬೆಳ್ಳಗೆ ಚಿಮ್ಮಿತು. ಗಣಪತಿ ಮರಳ ಮೇಲೆ ಪಾಲಿನ ಗುಡ್ಡೆ ಹಾಕುತ್ತ ಬಂದ. ಎಲ್ಲ ಮುಗಿದ ಮೇಲೆ ಇನ್ನೊಂದು ಗುಡ್ಡೆ ಹಾಕಿದ.

"ಇದ್ಯಾರದು?" ಎಂದು ಯಾರೋ ಕೇಳಿದರು.

"ಮಾಮ್ಲೇದಾರಂದು. ಹಗ್ಗ ಹಿಡಿದಿಲ್ವಾ ಅಂವ?"

ಯಾರೂ ನಗಲಿಲ್ಲ. ತುಳಸಕ್ಕ ಆ ಪಾಲನ್ನು ಬುಟ್ಟಿಯಲ್ಲಿ ತುಂಬಿಕೊಂಡರು, ಮೀನು ಬೇಯಿಸಿ ಮುಳ್ಳು ಬಿಡಿಸಿ ಅವನಿಗೆ ಉಣಿಸಿದರು. ನನಗೆ ಅದು ಎಷ್ಟು ಚಂದ ಕಂಡಿತೆಂದರೆ, ಮುಂದೆ ಏನು ಕಾದಿದೆ ಎಂದು ಹೊಳೆಯಲೇ ಇಲ್ಲ. ಚೌತಿ ಕಳೆದು, ಬೆಳಗಾವಿಯವರು ಬರುವ ದಿನ ಗೊತ್ತು ಮಾಡುವ ಎಂದು ಗಣಪತಿಯ ಹತ್ತಿರ ಹೋದೆ. ಅವನು ಬಲೆಯಿಂದ ತಲೆ ಎತ್ತಲಿಲ್ಲ.

"ಕೊಡುದಿಲ್ಲ ಅಕ್ಕೋರೆ. ಅಂವ ಪಾಲಿನಂವ. ರಂಪಣಿ ಪಾಲಿನಂವನ್ನ ಊರಿಂದ ಹೊರಗೆ ಹಾಕುಕೆ ಬತ್ತಿಲ್ಲ."

"ಹೊರಗೆ ಹಾಕುದಲ್ಲ ಗಣಪತಿ, ಬದುಕ್ಲಿ ಅಂತ ಕಳಿಸುದು. ಬಿಸಿಲು ಬಂದ್ರೆ..."

"ಬಿಸಿಲು ನಮ್ಗೆಲ್ಲ ಬತ್ತದೆ. ನಾವು ಬದುಕುದಿಲ್ವಾ?"

ನಾನು ತುಳಸಕ್ಕನ ಮುಖ ನೋಡಿದೆ. ಅವರು ಮಾಮ್ಲೇದಾರನ ಕಿವಿಯ ಹಿಂದೆ ಕೈಯಾಡಿಸುತ್ತ ಕೂತಿದ್ದರು. ಮಗನ ಮಾತು ಅವರಿಗೆ ಸಿಹಿಯಾಗಿತ್ತು. ನನಗೆ ರೇಗಿತು. ಕೊಂಕಣಿ ಕನ್ನಡ ಎರಡರಲ್ಲೂ ಬಾಯಿಗೆ ಬಂದದ್ದು ಅಂದೆ. ಗಣಪತಿ ಬಲೆಗೆ ಗಂಟು ಹಾಕುತ್ತಲೇ ಇದ್ದ. ಶೈಲಾಗೆ ಫೋನು ಮಾಡಿದರೆ, "ಒತ್ತಾಯದಿಂದ ತಗೊಂಡು ಬಂದ ನಾಯಿ ಎಲ್ಲೂ ನೆಲೆ ನಿಲ್ಲೂದಿಲ್ಲ. ಅವರೇ ಕೊಡ್ಬೇಕು" ಎಂದಳು. ಬೆಳಗಾವಿಯವರಿಗೆ ಸ್ವಲ್ಪ ದಿನ ತಡೆಯಿರಿ ಎಂದು ಹೇಳಿದೆವು. ಆ ದಿನಗಳಲ್ಲಿ ನಾನು ಬೆಳಿಗ್ಗೆ ಎದ್ದ ಕೂಡಲೇ ಆಕಾಶ ನೋಡುತ್ತಿದ್ದೆ. ಮೋಡ ಇದ್ದರೆ ಸಮಾಧಾನ.

ಮೋಡ ಹೋಯಿತು. ಮಳೆ ನಿಂತು ಮಾರನೆಯ ವಾರವೇ ಬಿಸಿಲು ಬೆನ್ನು ಸುಲಿಯುವ ಹಾಗೆ ಬಿತ್ತು. ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಿದ್ದಾಗ ತುಳಸಕ್ಕ ಬರಿಗಾಲಲ್ಲಿ ಶಾಲೆಯ ಗೇಟಿಗೆ ಓಡಿ ಬಂದರು. ಏನಾಯಿತು ಎಂದು ಕೇಳುವ ಅಗತ್ಯವಿರಲಿಲ್ಲ. ದೋಣಿಯ ನೆರಳಿನಲ್ಲಿ ಮಾಮ್ಲೇದಾರ ಅಡ್ಡ ಬಿದ್ದಿದ್ದ. ನಾಲಿಗೆ ಪೂರ್ತಿ ಹೊರಗೆ, ಉಸಿರು ತಿದಿಯ ಹಾಗೆ, ಕಣ್ಣು ತೆರೆದಿದ್ದರೂ ನಮ್ಮನ್ನು ಗುರುತಿಸುತ್ತಿರಲಿಲ್ಲ. ಡಾಕ್ಟರು ಫೋನಿನಲ್ಲೇ ಹೇಳಿದಂತೆ ಹೊಟ್ಟೆಗೆ, ಪಾದಗಳಿಗೆ ತಣ್ಣೀರು ಸುರಿದೆವು. ಗಣಪತಿ ಮೀನಿನ ಪೆಟ್ಟಿಗೆಯ ಥರ್ಮೋಕೋಲ್ ಮುಚ್ಚಳ ಹಿಡಿದು ಗಾಳಿ ಹಾಕಿದ. ಬೆವರು ಅವನ ಗಡ್ಡದಿಂದ ಇಳಿಯುತ್ತಿತ್ತು, ಕೈ ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ ಬಾಲದ ತುದಿ ಒಮ್ಮೆ ಮರಳನ್ನು ಬಡಿಯಿತು. ಗಣಪತಿ ಮುಚ್ಚಳ ಕೆಳಗಿಟ್ಟು ಕಡಲ ಕಡೆಗೆ ತಿರುಗಿ ಕೂತ.

ತುಳಸಕ್ಕ ಮಗನ ಹಿಂದೆ ಹೋಗಿ ನಿಂತರು.

"ಪಾಲಿನಂವ ಅಂತೆ ಅಲ್ದಾ? ನಿನ್ನಪ್ಪ ಜ್ವರ ಬಂದು ಬಿದ್ದಾಗ ರಂಪಣಿ ಮಂದಿ ಎಂತ ಮಾಡ್ರು? ಮಂಚ ಸಮೇತ ಹೊತ್ಕಂಡ್ ಅಂಕೋಲೆ ದವಾಖಾನಿಗೆ ಹೋದ್ರು. ಪಾಲಿನಂವ, ಊರು ಬಿಟ್ಟು ಹೋಗುಕಾಗ, ಇಲ್ಲೇ ಬಿದ್ಕಂಡಿರು ಅಂದ್ರಾ?"

ಗಣಪತಿ ಎದ್ದು ಹೋಗಿ ಮಾಮ್ಲೇದಾರನ ಪಾದಗಳಿಗೆ ಮತ್ತೆ ನೀರು ಹೊಯ್ದ.

"ಬರುಕೆ ಹೇಳ್ರಿ ಅಕ್ಕೋರೆ ಅವ್ರಿಗೆ. ಬೇಗ ಬರ್ಲಿ" ಎಂದು ತುಳಸಕ್ಕ ನನ್ನ ಕಡೆ ನೋಡದೆ ಹೇಳಿದರು. ನನಗೆ ಅವರ ಕಾಲು ಹಿಡಿಯಬೇಕೆನಿಸಿತು.

ಅನಸೂಯಾ ದಂಪತಿ ಜೀಪಿನಲ್ಲಿ ಬಂದರು. ಶೈಲಾ ಬಂದಳು. ಊರೆಲ್ಲ ಕೂಡಿತ್ತು. ಹಿಂದಿನ ಸೀಟು ತೆಗೆದು ಹಾಸಿಗೆ ಹಾಕಿದ್ದರು. ಮಾಮ್ಲೇದಾರ ಹತ್ತಲಿಲ್ಲ. ಅನಸೂಯಾ ಕರೆದರು, ಶೈಲಾ ಮುದ್ದು ಮಾಡಿದಳು, ಗಣಪತಿ ತಬ್ಬಿ ಎತ್ತಲು ನೋಡಿದ. ಒಮ್ಮೆ ಕಾರಿನಿಂದ ಇಳಿಸಿ ಬಿಟ್ಟು ಹೋಗಿದ್ದರಲ್ಲ, ಮತ್ತೆ ಗಾಡಿ ಹತ್ತಲು ಅವನಿಗೆ ಹೇಗೆ ಮನಸ್ಸಾಗಬೇಕು? ನಾಲ್ಕು ಕಾಲನ್ನೂ ಮರಳಿಗೆ ಊರಿ ನಿಂತು ನಡುಗುತ್ತಿದ್ದ. ತುಳಸಕ್ಕ ನೋಡಿ ನೋಡಿ, ಅಂಗಳದಲ್ಲಿ ಇದ್ದ ಬುಟ್ಟಿಯನ್ನು ಕವುಚಿ ಹಾಕಿ, ಕಾಲ ಮರಳು ಕೊಡವಿ, ತಾವೇ ಜೀಪು ಹತ್ತಿ ಹಾಸಿಗೆಯ ಮೇಲೆ ಕೂತರು. ಅವನು ಒಂದು ಕ್ಷಣವೂ ತಡಮಾಡದೆ ಹತ್ತಿ ಅವರ ಪಕ್ಕ ಮಲಗಿದ.

"ಆಯಿ, ಇಳಿಯೇ" ಎಂದ ಗಣಪತಿ.

"ನಾ ಇಳಿದ್ರೆ ಅಂವನೂ ಇಳೀತ. ಬಾಗ್ಲು ಹಾಕು. ಬಿಟ್ಟಿಕ್ಕೆ ಬತ್ತೆ."

ಕಾರವಾರ ಅಂಕೋಲೆಗಳ ಆಚೆ ಹೋಗಿಯೇ ಇರದ ಹೆಂಗಸು, ಉಟ್ಟ ಸೀರೆಯಲ್ಲೇ ಬೆಳಗಾವಿಗೆ ಹೊರಟರು. ಅನಸೂಯಾ ಕಣ್ಣೊರೆಸಿಕೊಂಡು, "ನಮ್ಮ ಮನಿ ನಿಮ್ಮದ ಅಂತ ತಿಳೀರಿ ಅಕ್ಕಾ, ಎಷ್ಟು ದಿನ ಬೇಕಾದ್ರೂ ಇರ್ರಿ" ಎಂದರು. ಜೀಪು ಹೆದ್ದಾರಿ ಸೇರುವವರೆಗೂ ನಾವು ದಾರಿಯ ಮೇಲೆ ನಿಂತಿದ್ದೆವು.

ಒಂದು ವಾರ ತುಳಸಕ್ಕನ ಸುದ್ದಿ ಫೋನಿನಲ್ಲಷ್ಟೇ ಬರುತ್ತಿತ್ತು. ಆಮೇಲೆ ಒಂದು ಸಂಜೆ ಅನಸೂಯಾ ಕೊಟ್ಟ ಸ್ವೆಟರು ಹಾಕಿಕೊಂಡು, ಕೈಯಲ್ಲೊಂದು ಗುಲಾಬಿ ಗಿಡ ಹಿಡಿದುಕೊಂಡು ಬಸ್ಸಿನಿಂದ ಇಳಿದರು. ನಾನೂ ಗಣಪತಿಯೂ ಕರೆದುಕೊಂಡು ಬರಲು ಹೋಗಿದ್ದೆವು. ಬೆಳಗಾವಿಯ ಚಳಿ, ಮನೆ, ಹೂವು, ಅವರು ಮಾಡಿದ ರೊಟ್ಟಿ, ಎಲ್ಲ ಹೇಳಿದರು. ಕೇಳಬೇಕಾದದ್ದನ್ನು ಗಣಪತಿ ಕೇಳಲಾರದೆ ಗಿಡವನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದ. ಕಡೆಗೆ ನಾನೇ ಕೇಳಿದೆ.

"ನೀವು ಹೊರಡುವಾಗ ಅವ ಏನು ಮಾಡ್ದ ತುಳಸಕ್ಕ? ಬೆನ್ನು ಹತ್ತಿದ್ನಾ?"

"ಇಲ್ರಾ. ಬಾಗ್ಲ ಎದುರು ಅಡ್ಡ ಮಲಗಿದ್ದ. ನಾ ದಾಟ್ಕಂಡ್ ಬಂದೆ. ಒಂದ್ಸಲ ಕಣ್ಣು ಬಿಟ್ಟು ನೋಡ್ದ, ಮತ್ತೆ ಮಲಗ್ದ. ಏಳಲೇ ಇಲ್ಲ."

ಅವರಿಗೆ ಎಷ್ಟು ನೋವಾಗಿರಬೇಕು ಎಂದುಕೊಂಡು ನಾನು ಅವರ ಕೈ ಹಿಡಿದೆ. ತುಳಸಕ್ಕ ನನ್ನ ಮುಖ ನೋಡಿ ನಕ್ಕರು. ಕಣ್ಣಿನಲ್ಲಿ ನೀರಿತ್ತು, ಆದರೆ ನಕ್ಕದ್ದು ನಿಜವಾದ ನಗು.

"ಬೇಜಾರು ಎಂತಕ್ಕೆ ಅಕ್ಕೋರೆ? ಹಿಂದೆ ಬಂದಿದ್ರೆ ನಾ ಹೊತ್ಕಂಡಾದ್ರೂ ವಾಪಸ್ ತತ್ತಿದ್ದೆ. ಏಳದೆ ಇರುದನ್ನ ನೋಡುಕೇ ನಾ ಅಷ್ಟು ದಿನ ಕೂತದ್ದು. ಅದು ಈಗ ಅಂವನ ಮನೆ."